ಎಲೆಯ ತುದಿಯ ಉಪ್ಪು

ಮದುವೆಯ ಮನೆಯ ಪಂಕ್ತಿಯಲ್ಲಿ ಎಲೆಗೆ ನೀರು ಚಿಮುಕಿಸಿ ಕುಳಿತವರ ಮುಂದೆ ಮೊದಮೊದಲೇ ಬಂದು ಬೀಳುವುದು ಒಂದು ಚಿಟಿಕೆ ಉಪ್ಪು. ಎಲೆಯ ತುದಿಯಲ್ಲಿ ಅದು ಊಟ ಮುಗಿಯುವವರೆಗೂ ತನ್ನ ಪಾಡಿಗೆ ತಾನಿರುತ್ತದೆ. ಬಡಿಸಿದವನಿಗೆ ಅದರ ನೆನಪಿಲ್ಲ. ಉಣ್ಣುವವರಲ್ಲಿ ಅನೇಕರು ಅದನ್ನು ಮುಟ್ಟುವುದೂ ಇಲ್ಲ. ಆದರೂ ಆ ಚಿಟಿಕೆಯಲ್ಲಿ ದೊಡ್ಡದೊಂದು ವಿವೇಕ ಅಡಗಿದೆ. ಐನೂರು ಮಂದಿಗೆ ಒಂದೇ ಕೊಳದಪ್ಪಲೆಯಲ್ಲಿ ಸಾರು ಕುದಿಸುವ ಅಡಿಗೆಯ ಭಟ್ಟರು ಐನೂರು ನಾಲಗೆಗಳಿಗೂ ಒಪ್ಪುವ ಹದವನ್ನು ಎಲ್ಲಿಂದ ತಂದಾರು? ಅವರು ಬಹುಮಂದಿಗೆ ಹಿಡಿಸುವ ಹದದಲ್ಲಿ ಸಾರನ್ನು ಇಳಿಸುತ್ತಾರೆ. ಮಿಕ್ಕವರ ರುಚಿಯನ್ನು ಅವರವರ ಎಲೆಯ ತುದಿಗೇ ಒಪ್ಪಿಸಿಬಿಡುತ್ತಾರೆ. ಅಡಿಗೆ ಎಲ್ಲರದು, ಉಪ್ಪು ಅವರವರದು.

ಇದೇ ವಿವೇಕವು ಗಣಕಯಂತ್ರದ ಲೋಕದಲ್ಲಿಯೂ ಬೇಕಾಗುತ್ತದೆ. ಅದಕ್ಕೆ ಒಳ್ಳೆಯ ನಿದರ್ಶನ ‘ವಿಕಿ’. ಯಾರು ಬೇಕಾದರೂ ತೆರೆದು ಓದಬಹುದಾದ, ಅಲ್ಲಿಯೇ ತಿದ್ದಬಹುದಾದ ಪುಟಗಳ ಸಮೂಹಕ್ಕೆ ಆ ಹೆಸರು. ಅಮೆರಿಕದ ವಾರ್ಡ್ ಕನಿಂಗ್‌ಹ್ಯಾಮ್ ಎಂಬಾತ ಇಂಥ ಮೊದಲ ತಾಣವನ್ನು ೧೯೯೫ರ ಮಾರ್ಚ್ ೨೫ರಂದು ತೆರೆದನು. ಹವಾಯಿ ಭಾಷೆಯಲ್ಲಿ ‘ವಿಕಿ’ ಎಂದರೆ ‘ಬೇಗ’. ಹೊನೊಲುಲು ವಿಮಾನ ನಿಲ್ದಾಣದಲ್ಲಿ ಓಡುವ ಬಸ್ಸಿನ ಹೆಸರಿನಿಂದ ಆತ ಆ ಮಾತನ್ನು ಎತ್ತಿಕೊಂಡನು. ೨೦೦೧ರ ಜನವರಿ ೧೫ರಂದು ವಿಕಿಪೀಡಿಯ ಹುಟ್ಟಿತು. ಅದರ ಭಾರವನ್ನು ಹೊರಲು ಹಳೆಯ ತಂತ್ರಾಂಶಕ್ಕೆ ಶಕ್ತಿ ಸಾಲದಾದಾಗ, ಮಾಗ್ನುಸ್ ಮಾನ್ಸ್ಕೆ ಎಂಬ ಜರ್ಮನ್ ವಿದ್ಯಾರ್ಥಿ ಹೊಸದೊಂದನ್ನು ಬರೆದನು; ೨೦೦೨ರ ಜನವರಿಯಲ್ಲಿ ಅದು ಬಳಕೆಗೆ ಬಂದಿತು. ಅದೇ ವರ್ಷದ ಜುಲೈ ವೇಳೆಗೆ ಲೀ ಡೇನಿಯಲ್ ಕ್ರಾಕರ್ ಅದನ್ನು ಮತ್ತೆ ತಳಹದಿಯಿಂದಲೇ ಕಟ್ಟಿದನು. ೨೦೦೩ರಲ್ಲಿ ಅದಕ್ಕೆ ‘ಮೀಡಿಯಾವಿಕಿ’ ಎಂಬ ನಾಮಕರಣವಾಯಿತು. ಇಂದು ಕನ್ನಡ ವಿಕಿಪೀಡಿಯ ನಡೆಯುತ್ತಿರುವುದೂ ಅದರಿಂದಲೇ. ಅದು ಉಚಿತವಾದ ಮುಕ್ತ ತಂತ್ರಾಂಶ. ಆದುದರಿಂದ ಯಾವ ಸಂಸ್ಥೆಯಾಗಲಿ, ಕುಟುಂಬವಾಗಲಿ ಅದನ್ನು ತನ್ನ ಕೆಲಸಕ್ಕೂ ಹೂಡಿಕೊಳ್ಳಬಹುದು.

ಅಂಥದೊಂದು ಕುಟುಂಬವನ್ನು ಊಹಿಸಿಕೊಳ್ಳಬಹುದು. ಹಿರಿಯರು ಮೈಸೂರಿನಲ್ಲಿ, ಮಕ್ಕಳು ಬೆಂಗಳೂರಿನಲ್ಲಿ, ಮೊಮ್ಮಕ್ಕಳಲ್ಲಿ ಒಬ್ಬಿಬ್ಬರು ಸಾಗರದಾಚೆ. ವಂಶವೃಕ್ಷ, ಹಳೆಯ ಕಾಗದಪತ್ರ, ಅಜ್ಜಿಯ ಉಪ್ಪಿನಕಾಯಿಯ ಪಾಕ—ಎಲ್ಲವನ್ನೂ ಅವರು ಒಂದು ವಿಕಿಯಲ್ಲಿ ಕೂಡಿಹಾಕಿದ್ದಾರೆ. ಒಬ್ಬೊಬ್ಬರ ಪುಟದಲ್ಲಿಯೂ ಜನನ ಮರಣಗಳ ತಾರೀಖಿನ ಜೊತೆಗೆ ಸಂವತ್ಸರ, ಮಾಸ, ಪಕ್ಷ, ತಿಥಿ ಇವುಗಳನ್ನು ತಾತ ಕೈಯಾರೆ ಬರೆಸಿದ್ದಾರೆ. ತಿಥಿಯಿಲ್ಲದಿದ್ದರೆ ಶ್ರಾದ್ಧದ ದಿನ ಗೊತ್ತಾಗುವುದು ಹೇಗೆ? ಆದರೆ ಸಾಗರದಾಚೆಯ ಮೊಮ್ಮಗಳಿಗೆ ಅದು ಕಣ್ಣಿಗೆ ಅಡ್ಡಬರುವ ಸಾಲು. “ಓದುತ್ತಾ ಹೋದರೆ ಮನುಷ್ಯರಿಗಿಂತ ಪಂಚಾಂಗವೇ ಹೆಚ್ಚಾಗಿದೆ, ಅಣ್ಣ” ಎಂದು ಅವಳು ಬೆಂಗಳೂರಿನ ಅಣ್ಣನಿಗೆ ಬರೆದಳು. ವಿಕಿಯನ್ನು ನೋಡಿಕೊಳ್ಳುವ ಹೊಣೆ ಅವನದು. ಸಾಲನ್ನು ಅಳಿಸಿದರೆ ತಾತನಿಗೆ ನೋವು. ಉಳಿಸಿದರೆ ತಂಗಿಯ ಗೊಣಗು. ಇಂಥಲ್ಲಿ ಬೇಕಾದುದೇ ಎಲೆಯ ತುದಿಯ ಉಪ್ಪು.

ಮೀಡಿಯಾವಿಕಿಯಲ್ಲಿ ಆ ಉಪ್ಪಿಗೆ ಒಂದು ಸ್ಥಾನ ಮೊದಲಿನಿಂದಲೂ ಇದೆ. ಹೆಸರು ನೋಂದಾಯಿಸಿ ಒಳಬಂದ ಪ್ರತಿಯೊಬ್ಬ ಸದಸ್ಯನಿಗೂ ‘ಪ್ರಿಫರೆನ್ಸಸ್’ ಎಂಬ ಆಯ್ಕೆಗಳ ಪುಟವುಂಟು. ಭಾಷೆ ಯಾವುದು, ಪುಟದ ಹೊರರೂಪ ಯಾವುದು, ತಾರೀಖನ್ನು ಹೇಗೆ ತೋರಿಸಬೇಕು ಎಂಬುದನ್ನೆಲ್ಲ ಆತ ಅಲ್ಲಿ ಗೊತ್ತುಮಾಡಬಹುದು. ಹಿಂದೆ ಒಬ್ಬ ಸದಸ್ಯನ ಎಲ್ಲ ಆಯ್ಕೆಗಳನ್ನೂ ಒಂದೇ ಗಂಟಾಗಿ ಕಟ್ಟಿ ಅವನ ಹೆಸರಿನ ಪಕ್ಕದಲ್ಲಿ ಇಡುತ್ತಿದ್ದರು. ಒಂದನ್ನು ತೆಗೆಯಬೇಕಾದರೂ ಗಂಟನ್ನು ಪೂರ್ತಿ ಬಿಚ್ಚಬೇಕು. ೨೦೧೦ರಲ್ಲಿ ಹೊರಬಂದ ೧.೧೬ನೆಯ ಆವೃತ್ತಿ ಈ ಕ್ರಮವನ್ನು ಬದಲಿಸಿತು. ಆಗಿನಿಂದ ಆಯ್ಕೆಗಳಿಗೆ ‘ಯೂಸರ್ ಪ್ರಾಪರ್ಟೀಸ್’ ಎಂಬ ಬೇರೆ ಪಟ್ಟಿಯೇ ಇದೆ. ಅದರಲ್ಲಿ ಮೂರೇ ಅಂಕಣಗಳು: ಯಾರು, ಯಾವ ಆಯ್ಕೆ, ಏನು ಬೆಲೆ. ಒಂದೊಂದು ಆಯ್ಕೆಗೂ ಒಂದೊಂದು ಸಾಲು.

ಅದೇ ಆವೃತ್ತಿಯಲ್ಲಿ ಇನ್ನೊಂದು ಅನುಕೂಲವೂ ಬಂದಿತು. ಹಳೆಯ ತೊಟ್ಟಿಯ ಮನೆಗಳ ಗೋಡೆಯಲ್ಲಿ ಗಿಳಿಗೂಟಗಳಿರುತ್ತಿದ್ದುದನ್ನು ಹಿರಿಯರು ಬಲ್ಲರು. ಮನೆ ಕಟ್ಟಿದವನಿಗೆ ಮುಂದೆ ಅಲ್ಲಿ ಯಾರು ಏನನ್ನು ತೂಗುಹಾಕುವರೆಂಬುದು ತಿಳಿದಿರಲಿಲ್ಲ. ಏನಾದರೂ ತೂಗುಹಾಕುವರೆಂಬುದು ಮಾತ್ರ ತಿಳಿದಿತ್ತು. ಗೋಡೆಯನ್ನು ಕೆಡವದೆ, ಮೊಳೆ ಹೊಡೆಯದೆ, ಬಂದವರು ತಮ್ಮ ಚೀಲವನ್ನು ಅದಕ್ಕೆ ಸಿಕ್ಕಿಸಬಹುದಾಗಿತ್ತು. ಮೀಡಿಯಾವಿಕಿಯ ಒಳಗೂ ಇಂಥ ಗೂಟಗಳು ನೂರಾರಿವೆ. ಅವಕ್ಕೆ ‘ಹುಕ್’ ಎಂದು ಹೆಸರು. ಆ ಗೂಟಗಳಿಗೆ ತೂಗುಹಾಕಲು ಹೊರಗಿನವರು ತಯಾರಿಸಿ ತರುವ ಚೀಲಗಳೇ ‘ಎಕ್ಸ್‌ಟೆನ್ಷನ್’ ಅಥವಾ ವಿಸ್ತರಣೆಗಳು. ಆಯ್ಕೆಗಳ ಪುಟ ಸಿದ್ಧವಾಗುವ ಗಳಿಗೆಯಲ್ಲಿ ‘ಗೆಟ್‌ಪ್ರಿಫರೆನ್ಸಸ್’ ಎಂಬ ಗೂಟವು, “ಇನ್ನು ಯಾರದಾದರೂ ಸೇರಿಸುವುದಿದೆಯೇ?” ಎಂದು ಎಲ್ಲ ವಿಸ್ತರಣೆಗಳನ್ನೂ ಕೇಳುತ್ತದೆ. ಕೇಳಿದಾಗ ಸೇರಿಸಿದರಾಯಿತು. ಮೂಲ ತಂತ್ರಾಂಶದ ಒಂದು ಅಕ್ಷರವನ್ನೂ ತಿದ್ದಬೇಕಾದುದಿಲ್ಲ. ಹೀಗೆ ತಿದ್ದದಿರುವುದು ಬರಿಯ ಶಿಷ್ಟಾಚಾರವಲ್ಲ. ಮೂಲವನ್ನು ತಿದ್ದಿದವನು ಮುಂದಿನ ಆವೃತ್ತಿ ಬಂದಾಗ ತನ್ನ ತಿದ್ದುಪಡಿಯನ್ನು ಕಳೆದುಕೊಳ್ಳುತ್ತಾನೆ; ಇಲ್ಲವೇ ಅದನ್ನು ಉಳಿಸಿಕೊಳ್ಳುವ ಹಟದಲ್ಲಿ ಹೊಸ ಆವೃತ್ತಿಯನ್ನೇ ಬಿಟ್ಟು, ಅದರೊಡನೆ ಬರುವ ರಕ್ಷಣೆಯನ್ನೂ ಬಿಡುತ್ತಾನೆ.

ಬೆಂಗಳೂರಿನ ಅಣ್ಣ ಮಾಡಿದ ಕೆಲಸ ಇಷ್ಟು. ವಿಸ್ತರಣೆಗಳ ಕೋಶದಲ್ಲಿ ತನ್ನದೊಂದು ಕೋಶವನ್ನು ತೆರೆದು, ಅದರೊಳಗೆ ‘ಎಕ್ಸ್‌ಟೆನ್ಷನ್.ಜೇಸನ್’ ಎಂಬ ಪರಿಚಯಪತ್ರವನ್ನು ಇಟ್ಟನು. ವಿಸ್ತರಣೆಯ ಹೆಸರೇನು, ಯಾವ ಯಾವ ಗೂಟಕ್ಕೆ ತೂಗುವುದು, ಯಾರೂ ಏನನ್ನೂ ಹೇಳದಿದ್ದಾಗ ಆಯ್ಕೆಯ ಬೆಲೆ ಏನು ಎಂಬುದೆಲ್ಲ ಆ ಪತ್ರದಲ್ಲಿರುತ್ತದೆ. ೨೦೧೫ರ ೧.೨೫ನೆಯ ಆವೃತ್ತಿಯಿಂದ ರೂಢಿಗೆ ಬಂದ ಕ್ರಮವಿದು. ಎರಡನೆಯದಾಗಿ, ಗೂಟ ಕೇಳಿದಾಗ ಉತ್ತರ ಕೊಡುವ ಪುಟ್ಟ ಕಾರ್ಯಕ್ರಮ. “ಆಯ್ಕೆಯ ಬಗೆ ‘ಟಾಗಲ್’, ಎಂದರೆ ಗುರುತು ಹಾಕುವ ಅಥವಾ ತೆಗೆಯುವ ಚೌಕ, ಪುಟದ ಇಂಥ ಭಾಗದಲ್ಲಿ ಕಾಣಬೇಕು, ಅದರ ಪಕ್ಕದ ಬರಹ ಇಂಥದು”—ಇಷ್ಟನ್ನು ಅದು ಹೇಳಿದರೆ ಸಾಕು, ಚೌಕವನ್ನು ಬಿಡಿಸುವುದು, ಸದಸ್ಯ ಒತ್ತಿದ್ದನ್ನು ಪಟ್ಟಿಯಲ್ಲಿ ಬರೆದಿಡುವುದು ಮೀಡಿಯಾವಿಕಿಯ ಪಾಲಿಗೆ. ಹಲವುಗಳಲ್ಲಿ ಒಂದನ್ನು ಆರಿಸಬೇಕಾದಲ್ಲಿ, ಅಂಕಿಯನ್ನು ತುಂಬಬೇಕಾದಲ್ಲಿ ಬೇರೆ ಬಗೆಗಳೂ ಇವೆ.

ಮೂರನೆಯದು ಬರಹದ ಕಡತಗಳು. ಚೌಕದ ಪಕ್ಕದ “ತಿಥಿ ಮಾಸಗಳನ್ನು ತೋರಿಸು” ಎಂಬ ಮಾತನ್ನು ಕಾರ್ಯಕ್ರಮದ ಒಳಗೇ ಬರೆಯುವಂತಿಲ್ಲ. ಭಾಷೆಗೊಂದರಂತೆ ಪ್ರತ್ಯೇಕ ಕಡತದಲ್ಲಿ ಬರೆಯಬೇಕು. ಕನ್ನಡವನ್ನು ಆರಿಸಿಕೊಂಡವರಿಗೆ ಕನ್ನಡ, ಇಂಗ್ಲಿಷನ್ನು ಆರಿಸಿದವರಿಗೆ ಇಂಗ್ಲಿಷ್. ಇವುಗಳ ಜೊತೆಗೆ ‘ಕ್ಯೂಕ್ಯೂಕ್ಯೂ’ ಎಂಬ ವಿಚಿತ್ರ ಹೆಸರಿನ ಕಡತವೂ ಇರುತ್ತದೆ. ಅದು ಯಾವ ದೇಶದ ಭಾಷೆಯೂ ಅಲ್ಲ. ಈ ಮಾತು ಎಲ್ಲಿ ಬರುತ್ತದೆ, ಏನನ್ನು ಉದ್ದೇಶಿಸಿದೆ ಎಂದು ಮುಂದಿನ ಅನುವಾದಕರಿಗೆ ಬರೆದಿಟ್ಟ ವಿವರಣೆ. ಕಾಣದ ಅನುವಾದಕನಿಗಾಗಿ ಹೀಗೆ ಟಿಪ್ಪಣಿ ಬರೆದಿಡುವ ಪದ್ಧತಿಯನ್ನು ಪುಸ್ತಕಲೋಕವೂ ಕಲಿಯಬಹುದು!

ಇಷ್ಟಾದರೂ ಕೆಲಸ ಮುಗಿಯಲಿಲ್ಲ. ಹೊಸಬರು ಎಡವುವುದು ಇಲ್ಲಿಯೇ. ಚೌಕ ಬಂದಿತು, ಗುರುತು ಹಾಕಿದ್ದೂ ಆಯಿತು. ಪುಟ ಮಾತ್ರ ಹಾಗೆಯೇ ಇದೆ! ಏಕೆಂದರೆ ಆಯ್ಕೆ ಎಂಬುದು ಬರಿಯ ನೆನಪು. ಅದನ್ನು ಕೇಳಿ ನಡೆಯುವವರೊಬ್ಬರು ಬೇಕು. ಎಲೆಯ ತುದಿಯಲ್ಲಿ ಉಪ್ಪಿದ್ದರೆ ಸಾಲದು, ಅದನ್ನು ಅನ್ನಕ್ಕೆ ಬೆರೆಸುವ ಕೈ ಬೇಕು. ಆದುದರಿಂದ ಆತ ‘ಬಿಫೋರ್‌ಪೇಜ್‌ಡಿಸ್‌ಪ್ಲೇ’ ಎಂಬ ಇನ್ನೊಂದು ಗೂಟಕ್ಕೂ ಒಂದು ಕಾರ್ಯಕ್ರಮವನ್ನು ತೂಗುಹಾಕಿದನು. ಪುಟ ಓದುಗನ ಕಣ್ಣಿಗೆ ಬೀಳುವ ಮೊದಲು ಅದು ಆ ಸದಸ್ಯನ ಆಯ್ಕೆಯನ್ನು ವಿಚಾರಿಸುತ್ತದೆ. ಬೇಡವೆಂದವರಿಗೆ ತಿಥಿಯ ಸಾಲುಗಳನ್ನು ಅಡಗಿಸುವ ಅಲಂಕಾರಸೂತ್ರವನ್ನು ಪುಟದೊಡನೆ ಕಳುಹಿಸುತ್ತದೆ. ಕಡೆಯದಾಗಿ ‘ಲೋಕಲ್‌ಸೆಟ್ಟಿಂಗ್ಸ್’ ಕಡತದಲ್ಲಿ ಈ ವಿಸ್ತರಣೆಯನ್ನು ಹೂಡುವ ಒಂದೇ ಒಂದು ಸಾಲು. ಅಂದು ರಾತ್ರಿ ಸಾಗರದಾಚೆಯಿಂದ ತಂಗಿಯ ಕಾಗದ ಬಂದಿತು: “ಈಗ ನಮ್ಮವರ ಮುಖ ಕಾಣಿಸುತ್ತಿದೆ.”

ಮರುದಿನ ಬೆಳಿಗ್ಗೆ ಮೈಸೂರಿನಿಂದ ತಾತನ ಫೋನು. “ಮಗು, ನಮ್ಮ ತಾಯಿಯ ತಿಥಿ ಎಲ್ಲಿ ಹೋಯಿತು?”

ಅಣ್ಣ ಮಾಡಿದ್ದ ತಪ್ಪು ಚಿಕ್ಕದು. ಯಾರೂ ಏನನ್ನೂ ಹೇಳದಿದ್ದಾಗಿನ ಬೆಲೆಯನ್ನು—ಇದನ್ನು ‘ಡೀಫಾಲ್ಟ್’ ಎನ್ನುತ್ತಾರೆ—ಆತ ‘ಅಡಗಿಸು’ ಎಂದು ಇಟ್ಟಿದ್ದನು. ಬೇಕಾದವರು ಗುರುತು ಹಾಕಿಕೊಳ್ಳಲಿ ಎಂಬುದು ಅವನ ಎಣಿಕೆ. ಆದರೆ ತಾತ ಯಾವಾಗಲೂ ಹೆಸರು ನೋಂದಾಯಿಸಿ ಒಳಬರುವವರಲ್ಲ; ಅತಿಥಿಯ ಹಾಗೆ ಪುಟವನ್ನು ತೆರೆದು ಓದಿ ಮುಚ್ಚುವವರು. ಅತಿಥಿಗೆ ಈ ಪಟ್ಟಿಯಲ್ಲಿ ಸಾಲಿಲ್ಲ. ಡೀಫಾಲ್ಟೇ ಅವನ ಪಾಲಿನ ಪರಮಾಜ್ಞೆ. ಒಳಬಂದ ಸದಸ್ಯರಲ್ಲಿಯೂ ಆಯ್ಕೆಗಳ ಪುಟವನ್ನು ತೆರೆದು ನೋಡುವಷ್ಟು ಬಿಡುವುಳ್ಳವರು ಕಡಮೆ. ಎಂದ ಮೇಲೆ ಭಟ್ಟರು ಕೊಳದಪ್ಪಲೆಗೆ ಹಾಕುವ ಉಪ್ಪೇ ಹೆಚ್ಚಿನವರ ಊಟವನ್ನು ನಿರ್ಣಯಿಸುತ್ತದೆ. ಆಯ್ಕೆಯನ್ನು ಕೊಟ್ಟೆವೆಂಬ ಸಮಾಧಾನದಲ್ಲಿ ಡೀಫಾಲ್ಟನ್ನು ಉಪೇಕ್ಷಿಸುವುದು, ಎಲೆಗೆ ಉಪ್ಪು ಬಡಿಸಿದೆವಲ್ಲ ಎಂದು ಸಾರಿನ ಹದವನ್ನೇ ಮರೆತಂತೆ. ಆತ ಕೂಡಲೆ ಡೀಫಾಲ್ಟನ್ನು ‘ತೋರಿಸು’ ಎಂದು ತಿರುಗಿಸಿದನು. ತಂಗಿಗೆ ಒಂದು ಸಲ ಗುರುತು ತೆಗೆಯುವ ಶ್ರಮ. ತಾತನಿಗೆ ಏನೂ ಇಲ್ಲ.

ಡೀಫಾಲ್ಟನ್ನು ಹೀಗೆ ತಿರುಗಿಸುವುದರಲ್ಲಿಯೂ ಒಂದು ಸೂಕ್ಷ್ಮವುಂಟು. ಮೀಡಿಯಾವಿಕಿ ಮಿತವ್ಯಯಿ, ಡೀಫಾಲ್ಟಿಗಿಂತ ಭಿನ್ನವಾದ ಆಯ್ಕೆಯನ್ನು ಮಾತ್ರ ಅದು ಪಟ್ಟಿಯಲ್ಲಿ ಬರೆದಿಡುತ್ತದೆ. ಆದುದರಿಂದ, “ನನಗೆ ಇದೇ ಸರಿ” ಎಂದು ಆಲೋಚಿಸಿ ಡೀಫಾಲ್ಟನ್ನೇ ಒಪ್ಪಿದವನಿಗೂ, ಆ ಪುಟವನ್ನು ತೆರೆದೇ ನೋಡದವನಿಗೂ ಅದಕ್ಕೆ ಭೇದ ಕಾಣದು. ಇಬ್ಬರ ಹೆಸರಿನಲ್ಲಿಯೂ ಸಾಲಿಲ್ಲ. ನಾಳೆ ಡೀಫಾಲ್ಟ್ ಬದಲಾದರೆ ಇಬ್ಬರೂ ಕೇಳದೆಯೇ ಬದಲಾಗುತ್ತಾರೆ. ಮೌನವನ್ನು ಸಮ್ಮತಿಯೆಂದು ಎಣಿಸುವ ಸಭೆಯಲ್ಲಿ, ಬಾಯಿಬಿಟ್ಟು ಸಮ್ಮತಿಸಿದವನೂ ಮೌನಿಯೇ ಆದಂತೆ! ಇದನ್ನು ಮನಗಂಡು, ಹಳೆಯ ಸದಸ್ಯರಿಗೊಂದು ಹೊಸ ಸದಸ್ಯರಿಗೊಂದು ಡೀಫಾಲ್ಟ್ ಇಡುವ ಏರ್ಪಾಟನ್ನು ಈಚಿನ ವರ್ಷಗಳಲ್ಲಿ ಸೇರಿಸಿದ್ದಾರೆ.

ಹಾಗಾದರೆ ಎಲ್ಲರ ಎಲ್ಲ ಇಷ್ಟಗಳಿಗೂ ಒಂದೊಂದು ಚೌಕವನ್ನು ಇಟ್ಟರಾಗದೆ? ಆಗದು. ದೊಡ್ಡ ವಿಕಿಗಳಲ್ಲಿ ಒಂದು ಪುಟವನ್ನು ಒಮ್ಮೆ ಸಿದ್ಧಪಡಿಸಿ, ಅದರ ಪ್ರತಿಯನ್ನು ಉಗ್ರಾಣದಲ್ಲಿ ಇಟ್ಟುಕೊಂಡು, ಬಂದವರಿಗೆಲ್ಲ ಅದನ್ನೇ ಬಡಿಸುತ್ತಾರೆ. ಇಲ್ಲವಾದರೆ ಯಂತ್ರಕ್ಕೆ ಉಸಿರು ಸಾಲದು. ತಿಥಿಯ ಚೌಕದಂಥದು ಎಲೆಯ ಉಪ್ಪು. ಪುಟದ ಪ್ರತಿ ಎಲ್ಲರಿಗೂ ಒಂದೇ. ತೋರಿಸುವಾಗ ಮಾತ್ರ ವ್ಯತ್ಯಾಸ. ಆದರೆ ಪುಟದ ಪಾಕವನ್ನೇ ಬದಲಿಸುವ ಆಯ್ಕೆಗಳಿವೆ. ಶೀರ್ಷಿಕೆಗಳಿಗೆ ತಾನಾಗಿ ಕ್ರಮಸಂಖ್ಯೆ ಹಾಕುವ ಆಯ್ಕೆಯೊಂದು ಮೀಡಿಯಾವಿಕಿಯಲ್ಲಿ ಹಿಂದೆ ಇದ್ದಿತು. ಅದನ್ನು ಆರಿಸಿದವರಿಗಾಗಿ ಅದೇ ಪುಟದ ಇನ್ನೊಂದು ಪ್ರತಿಯನ್ನು ಬೇಯಿಸಿಡಬೇಕಾಗುತ್ತಿತ್ತು. ಇಂಥ ಎರಡು ಚೌಕಗಳಿದ್ದರೆ ನಾಲ್ಕು ಬಗೆಯ ಪ್ರತಿ, ಮೂರಿದ್ದರೆ ಎಂಟು, ಹತ್ತಿದ್ದರೆ ೧೦೨೪. ಒಬ್ಬೊಬ್ಬ ಅತಿಥಿಗೂ ಒಂದೊಂದು ಒಲೆ ಹೂಡಿದರೆ ಯಾವ ಮದುವೆಯ ಮನೆ ತಾಳೀತು? ಆ ಆಯ್ಕೆಯನ್ನು ಕಡೆಗೆ ತೆಗೆದುಹಾಕಿದರು.

ಆಯ್ಕೆಯಿಂದ ಇನ್ನೂ ಬೇರೊಂದು ಬಗೆಯ ಕೇಡೂ ಉಂಟಾಗಬಹುದು. ಅದರ ಕಥೆ ಇಂಗ್ಲಿಷ್ ವಿಕಿಪೀಡಿಯದ ಚರಿತ್ರೆಯಲ್ಲಿದೆ. ಬ್ರಿಟಿಷರು ‘೧೫ ಜನವರಿ’ ಎಂದರೆ ಅಮೆರಿಕನ್ನರು ‘ಜನವರಿ ೧೫’ ಎನ್ನುವವರು. ಈ ಜಗಳವೇ ಬೇಡವೆಂದು, ತಾರೀಖಿಗೆ ಕೊಂಡಿ ಹಾಕಿ ಬರೆದರೆ ಅದು ಅವರವರ ಆಯ್ಕೆಯಂತೆಯೇ ಕಾಣುವ ಉಪಾಯವನ್ನು ತಂತ್ರಾಂಶದಲ್ಲಿ ಸೇರಿಸಿದರು. ಲೇಖಕರಿಗೆಲ್ಲ ಸಂತೋಷವಾಯಿತು, ಅವರವರ ಕಣ್ಣಿಗೆ ಲೇಖನದ ಉದ್ದಕ್ಕೂ ಅವರವರ ಕ್ರಮವೇ ಕಾಣುತ್ತಿತ್ತು. ಆದರೆ ಹೆಸರು ನೋಂದಾಯಿಸದೆ ಓದುವ ಸಾಮಾನ್ಯ ಓದುಗನಿಗೆ? ಒಂದು ಸಾಲಿನಲ್ಲಿ ‘೧೫ ಜನವರಿ’, ಮುಂದಿನ ಸಾಲಿನಲ್ಲಿ ‘ಜನವರಿ ೧೫’! ಬರೆದವರಿಗೆ ಆ ಗೊಂದಲ ಕಾಣುತ್ತಲೇ ಇರಲಿಲ್ಲ. ಅವರ ಆಯ್ಕೆಯೇ ಅದನ್ನು ಅವರಿಂದ ಮರೆಮಾಡಿತ್ತು. ತಮ್ಮ ಎಲೆಯ ಸಾರಿಗೆ ಉಪ್ಪು ಬೆರೆಸಿ ಚಪ್ಪರಿಸಿದ ಮನೆಯವರು, ಅತಿಥಿಯ ದೊನ್ನೆಯನ್ನು ರುಚಿ ನೋಡಿರಲಿಲ್ಲ. ೨೦೦೮ರಲ್ಲಿ ಆ ಪದ್ಧತಿಯನ್ನು ಕೈಬಿಡುವ ತೀರ್ಮಾನವಾಯಿತು. ಕೊಂಡಿಗಳನ್ನು ಕೀಳುವ ಕೆಲಸದಲ್ಲಿ ಎರಡು ಪಕ್ಷಗಳಾಗಿ ಕಾದಾಡಿ, ೨೦೦೯ರಲ್ಲಿ ವ್ಯಾಜ್ಯವು ಅಲ್ಲಿನ ಪಂಚಾಯಿತಿಯ ಕಟ್ಟೆಯನ್ನೇ ಏರಿತು.

ಇದರ ಇನ್ನೊಂದು ಮುಖವೂ ಇದೆ. ೨೦೧೩ರ ಜುಲೈಯಲ್ಲಿ ಇಂಗ್ಲಿಷ್ ವಿಕಿಪೀಡಿಯದ ಸದಸ್ಯರಿಗೆಲ್ಲ ‘ವಿಷುಯಲ್ ಎಡಿಟರ್’ ಎಂಬ ಹೊಸ ಬರೆಯುವ ಸಾಧನವನ್ನು ಡೀಫಾಲ್ಟಾಗಿ ಇಟ್ಟರು. ಹೊಸಬರಿಗೆ ಸುಲಭವಾಗಲೆಂಬ ಉದ್ದೇಶ ಒಳ್ಳೆಯದೇ. ಆದರೆ ಬೇಡವೆನ್ನುವವರು ಅದನ್ನು ಪೂರ್ತಿ ನಿಲ್ಲಿಸಲು ಆರಂಭದಲ್ಲಿ ಚೌಕವನ್ನು ಇಟ್ಟಿರಲಿಲ್ಲ. ಸಾಧನ ಇನ್ನೂ ಪಕ್ವವಾಗಿರಲಿಲ್ಲವಾಗಿ ಅಸಮಾಧಾನ ಹೊತ್ತಿಕೊಂಡಿತು. ಅದೇ ತಿಂಗಳು ಚೌಕವನ್ನು ಇಡಬೇಕಾಯಿತು. ಸೆಪ್ಟೆಂಬರಿನಲ್ಲಿ, ಬೇಕೆಂದವರಿಗೆ ಮಾತ್ರ ಆ ಸಾಧನವೆಂಬ ಏರ್ಪಾಟಾಯಿತು. ಸಾವಿರ ಮಾತಿನ ಸಮಾಧಾನ ಮಾಡಲಾಗದುದನ್ನು ಒಂದು ಚಿಟಿಕೆ ಉಪ್ಪು ಮಾಡಬಲ್ಲುದು.

ಕನ್ನಡಿಗರಿಗೆ ವಿಶೇಷವಾಗಿ ಸಂಬಂಧಿಸಿದ ಆಯ್ಕೆಗಳೂ ಮೀಡಿಯಾವಿಕಿಯಲ್ಲಿವೆ. ಒಂದು ಕೀಲಿಮಣೆಯದು. ‘ಯೂನಿವರ್ಸಲ್ ಲ್ಯಾಂಗ್ವೇಜ್ ಸೆಲೆಕ್ಟರ್’ ಎಂಬ ವಿಸ್ತರಣೆಯಿಂದಾಗಿ ಕನ್ನಡವನ್ನು ಲಿಪ್ಯಂತರಣದಲ್ಲಿ ಬರೆಯುವವರು ಹಾಗೆ, ಇನ್‌ಸ್ಕ್ರಿಪ್ಟ್ ಕಲಿತವರು ಹೀಗೆ, ಕಗಪ ವಿನ್ಯಾಸಕ್ಕೆ ಬೆರಳು ಪಳಗಿದವರು ಮತ್ತೊಂದು ರೀತಿ ಬರೆಯಬಹುದು. ಪುಟದ ಮೇಲೆ ಮೂಡುವುದು ಒಂದೇ ಕನ್ನಡ. ಎರಡನೆಯದು ವ್ಯಾಕರಣದ್ದು. ಇಂಗ್ಲಿಷಿನ ಕ್ರಿಯಾಪದಕ್ಕೆ ಲಿಂಗಭೇದವಿಲ್ಲ. ಕನ್ನಡದಲ್ಲಿ ‘ತಿದ್ದಿದನು’, ‘ತಿದ್ದಿದಳು’ ಎಂದೇ ಹೇಳಬೇಕು. ಯಾರನ್ನು ಹೇಗೆ ಕರೆಯಬೇಕೆಂದು ಯಂತ್ರಕ್ಕೆ ತಿಳಿಯುವುದೆಂತು? ಅದಕ್ಕಾಗಿಯೇ ಆಯ್ಕೆಗಳ ಪುಟದಲ್ಲಿ ಒಂದು ಪ್ರಶ್ನೆಯುಂಟು. ಉತ್ತರಿಸುವುದು ಕಡ್ಡಾಯವಲ್ಲ, ಉತ್ತರಿಸಿದರೆ ಅದು ಎಲ್ಲರಿಗೂ ತಿಳಿಯುತ್ತದೆ ಎಂಬ ಎಚ್ಚರಿಕೆಯೂ ಅಲ್ಲಿಯೇ ಇದೆ. ಉತ್ತರವಿಲ್ಲದವರಿಗೆ ‘ತಿದ್ದಿದರು’ ಎಂದುಬಿಟ್ಟರೆ ತೊಂದರೆಯೂ ಇಲ್ಲ, ಅಗೌರವವೂ ಇಲ್ಲ. ಪರಿಚಯವಿಲ್ಲದವರಿಗೆ ಬಹುವಚನವನ್ನು ಸಲ್ಲಿಸುವ ಕನ್ನಡದ ಹಳೆಯ ಮರ್ಯಾದೆಯೇ ಇಲ್ಲಿ ಉತ್ತಮವಾದ ಡೀಫಾಲ್ಟ್!

ಹೊಸ ಆಯ್ಕೆಯನ್ನು ಸೇರಿಸಹೊರಟವರು ಮತ್ತೆರಡು ಮಾತನ್ನು ಮನಸ್ಸಿನಲ್ಲಿಡಬೇಕು. ಆಯ್ಕೆ ಎಂಬುದು ಬೀಗವಲ್ಲ. ಅಲಂಕಾರಸೂತ್ರದಿಂದ ಅಡಗಿಸಿದ ಸಾಲು ಪುಟದೊಳಗೆ ಇದ್ದೇ ಇರುತ್ತದೆ, ಬಲ್ಲವರು ಅದನ್ನು ಓದಬಲ್ಲರು. ಗುಟ್ಟನ್ನು ಕಾಯಲು ಅದನ್ನು ನಂಬಬಾರದು. ಮತ್ತೆ, ಸದಸ್ಯರು ತಾವೇ ತುಂಬುವ ಬರಹವನ್ನು ಸೋಸದೆ ಪುಟಕ್ಕೆ ಸುರಿಯಬಾರದು. ಕಿಡಿಗೇಡಿಯೊಬ್ಬ ಬರಹದ ಬದಲು ಕಾರ್ಯಕ್ರಮವನ್ನೇ ತುಂಬಿಟ್ಟಾನು.

ತಾತನ ಮನೆಯ ಕಥೆ ಇನ್ನೂ ಸ್ವಲ್ಪ ಉಳಿದಿದೆ. ಕೆಲವು ತಿಂಗಳ ಮೇಲೆ ದೂರದ ಅತ್ತೆಯೊಬ್ಬರು ತೀರಿಕೊಂಡರು. ಅವರ ಪುಟವನ್ನು ಮೊಮ್ಮಗಳೇ ಅಕ್ಕರೆಯಿಂದ ಬರೆದಳು: ಅವರ ಹಾಡು, ಕಸೂತಿ, ಬೈಗುಳ ಕೂಡ. ತಾರೀಖನ್ನೂ ಹಾಕಿದಳು. ತಿಥಿಯನ್ನು ಮಾತ್ರ ಬರೆಯಲಿಲ್ಲ. ಬೇಕೆಂದು ಬಿಟ್ಟವಳಲ್ಲ, ಅವಳ ವಿಕಿಯಲ್ಲಿ ತಿಥಿ ಎಂಬ ಸಾಲೇ ಕಾಣುತ್ತಿರಲಿಲ್ಲ. ಕಾಣದುದು ಇಲ್ಲವೆಂದು ಅವಳಿಗೇ ತಿಳಿಯಲಿಲ್ಲ. ತಾತ ಪಂಚಾಂಗ ತೆರೆದು, ತಿಥಿಯನ್ನು ಹುಡುಕಿ ಕಾಗದದಲ್ಲಿ ಬರೆದು ಕಳುಹಿಸಿದರು, ಗದರಿಸಲಿಲ್ಲ. ಅವಳು ಅದನ್ನು ತುಂಬಿದಳು. ಆಮೇಲೆ ಆಯ್ಕೆಗಳ ಪುಟಕ್ಕೆ ಹೋಗಿ, ತೆಗೆದಿದ್ದ ಗುರುತನ್ನು ಮತ್ತೆ ಹಾಕಿದಳು. ಓದುವಾಗ ಬೇಡವೆನಿಸಿದರೆ ತೆಗೆದರಾಯಿತು. ಬರೆಯುವಾಗ ಎಲ್ಲರ ಎಲೆಯನ್ನೂ ನೋಡಬೇಕಲ್ಲ!

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬುದು ನಾಡಿನ ಹಳೆಯ ಗಾದೆ. ಎಲ್ಲರೂ ಕೂಡಿ ಬರೆಯುವ ಪುಸ್ತಕದಲ್ಲಿ ಓದು ಊಟದ ಹಾಗೆ, ಬರಹ ನೋಟದ ಹಾಗೆ.